ಪುಸ್ತಕ, ವಿಡಿಯೋ ಆಮೇಲೆ. ಮೊದಲು ಪ್ರಾಂಪ್ಟರ್ ಮನೆಗೆ ಹೋಗಿ

ಊರಿನ ಹುಡುಗರ ನಾಟಕ ತಂಡಕ್ಕೆ 30 ವರ್ಷ ತುಂಬಿತು, ಇತಿಹಾಸವನ್ನು ಪುಸ್ತಕ ಮಾಡೋದಾ ವಿಡಿಯೋ ಮಾಡೋದಾ ಅಂತ ಕೇಳಿದ್ದೀರಿ. 2011ರಲ್ಲಿ ನಾವೂ ಇದೇ ಚರ್ಚೆಯಲ್ಲಿ ಮೂರು ತಿಂಗಳು ಕಳೆದೆವು.

ನಮ್ಮದು ಶಿವಮೊಗ್ಗ ಜಿಲ್ಲೆಯ ಸಣ್ಣ ಊರು. 1985ರಲ್ಲಿ ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ತಿರುಗಾಟ, ಅಂದರೆ ಊರೂರು ಸುತ್ತಿ ನಾಟಕ ಆಡೋ ತಂಡ, ಶುರುವಾಯಿತಲ್ಲ, ಆ ನಾಟಕಗಳನ್ನು ನೋಡಿ ಬಂದ ಏಳೆಂಟು ಹುಡುಗರು ಮರುವರ್ಷವೇ ತಂಡ ಕಟ್ಟಿದರು. ಅಡಿಕೆ ಮಂಡಿಯ ಗುಮಾಸ್ತ, ಟೈಲರ್, ಪಿಯುಸಿ ಓದುವವರು. ರಾತ್ರಿ ಎಂಟರ ಮೇಲೆ ಶಾಲೆ ಜಗುಲಿಯಲ್ಲಿ ತಾಲೀಮು, ಪ್ರದರ್ಶನ ಗಣೇಶನ ಪೆಂಡಾಲಿನಲ್ಲಿ. ನಾನು ಸೇರಿದ್ದು 1991ರಲ್ಲಿ.

25 ವರ್ಷ ತುಂಬಿದಾಗ ಇತಿಹಾಸ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಪ್ರಾಂಪ್ಟರ್, ಅಂದರೆ ಮರೆಯಲ್ಲಿ ನಿಂತು ನಟರಿಗೆ ಮಾತು ನೆನಪಿಸುತ್ತಿದ್ದವರು, ಅಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಯವರು ಹನ್ನೊಂದು ನೋಟ್‌ಬುಕ್ ಕೊಟ್ಟರು, ಎಲ್ಲ ನಾಟಕಗಳ ಕೈಬರಹದ ಪ್ರತಿ. ನಾನು ಏನು ಮಾಡಿದೆ ಅಂದರೆ, ಎರಡು ನಾಟಕದ ಮಾತುಗಳನ್ನು ಡಿಟಿಪಿ ಮಾಡಿಸಿದೆ, ಅಂಚಿನಲ್ಲಿರೋ ಪೆನ್ಸಿಲ್ ಗೀಚು ಬೇಡ ಅಂತ ನಾನೇ ಹೇಳಿದೆ, ಆಮೇಲೆ ಗೆದ್ದಲು ಹಿಡಿದಿದೆ ಅಂತ ಅಷ್ಟನ್ನೂ ಗುಜರಿಗೆ ಹಾಕಿಬಿಟ್ಟೆ.

ಇದು ಎಂಥ ತಪ್ಪು ಅಂತ ಬಿಡಿಸಿ ಹೇಳಬೇಕು. ನಾಟಕದ ಮಾತುಗಳು ಅಚ್ಚಾದ ಪುಸ್ತಕದಲ್ಲಿ ಹೇಗೂ ಸಿಗುತ್ತವೆ. ಸಿಗದೇ ಇರೋದು ಆ ಅಂಚಿನ ಬರಹ. ‘ಇಲ್ಲಿ ಕರೆಂಟ್ ಹೋಯ್ತು, ಪೆಟ್ರೋಮ್ಯಾಕ್ಸ್ ಬರುವ ತನಕ ಹಾಡು ಎಳೆದರು.’ ‘ಗಿರಣಿ ಹುಡುಗ ಬಂದಿಲ್ಲ, ಸೇವಕನ ಮಾತು ಮಂತ್ರಿಗೆ.’ ಯಾರು ಯಾವ ದಿನ ಬಂದರು, ಯಾರ ಬದಲು ಯಾರು ನಿಂತರು, ಯಾವ ಮಾತಿಗೆ ಜನ ನಕ್ಕರು, ಎಲ್ಲ ಅಲ್ಲಿತ್ತು. ಸುಮ್ನೆ ಪುಟ ತಿರುವುವಾಗ ಕಣ್ಣಿಗೆ ಬಿದ್ದ ಇಷ್ಟು ಮಾತ್ರ ನನಗೆ ನೆನಪಿದೆ.

ಅದರ ಬದಲು ನಾನು ಬರೆದದ್ದೇನು? 1949ರಲ್ಲಿ ಹೆಗ್ಗೋಡಿನಲ್ಲಿ ನೀನಾಸಂ ಹುಟ್ಟಿದ್ದು, 1980ರಲ್ಲಿ ಅಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾದದ್ದು, 1989ರಲ್ಲಿ ಬಿ.ವಿ. ಕಾರಂತರು ಮೈಸೂರಿನಲ್ಲಿ ರಂಗಾಯಣ ನಾಟಕ ಸಂಸ್ಥೆ ಕಟ್ಟಿದ್ದು, 1991ರಲ್ಲಿ ನೀನಾಸಂನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು. ಹದಿನೈದು ಪುಟ! ದೊಡ್ಡ ವಿಷಯಗಳೇ, ಆದರೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಜಗುಲಿಯ ಬಗ್ಗೆ ಯಾರು ಬರೆಯುತ್ತಾರೆ?

ಬಿಡುಗಡೆಯ ದಿನ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. 1988ರಲ್ಲಿ ನಮ್ಮ ತಂಡದಲ್ಲಿ ಪಾತ್ರ ಮಾಡಿದ ಮೊದಲ ಹುಡುಗಿ ಅವರು. ಮನೆಯಲ್ಲಿ ಗೊತ್ತಾದರೆ ಕಷ್ಟ ಅಂತ ಆಗ ಕರಪತ್ರದಲ್ಲಿ ಬೇರೆ ಹೆಸರು ಹಾಕಿಸಿದ್ದರಂತೆ. ನಾನು ಕರಪತ್ರ ನೋಡಿ ಅದನ್ನೇ ಅಚ್ಚು ಹಾಕಿಸಿದ್ದೆ. ಆ ಪುಟದ ಮೇಲೆ ಬೆರಳಿಟ್ಟುಕೊಂಡು, ‘ಇದು ನನ್ನ ಹೆಸರಲ್ಲ ತಮ್ಮಾ. ಪ್ರಾಂಪ್ಟ್ ಮಾಡ್ತಿದ್ದ ಅಣ್ಣ ಅವರ ನೋಟ್‌ಬುಕ್ಕಲ್ಲಿ ನನ್ನ ಹೆಸರು ಸರಿಯಾಗಿ ಬರ್ಕೊಂಡಿದ್ರಲ್ಲ, ನೋಡಲಿಲ್ವಾ?’ ಅಂದರು. ಏನು ಹೇಳಲಿ? ಐನೂರು ಪ್ರತಿ ಆಗಲೇ ಅಚ್ಚಾಗಿತ್ತು.

ಹಾಗಾಗಿ ಪುಸ್ತಕವಾ ವಿಡಿಯೋನಾ ಅನ್ನೋ ಪ್ರಶ್ನೆಯೇ ಈಗ ಬೇಡ. ನಟರನ್ನೂ ನಿರ್ದೇಶಕರನ್ನೂ ಆಮೇಲೆ ಮಾತಾಡಿಸಿ, ಅವರು ಹೇಗೂ ಹೇಳುತ್ತಾರೆ. ನಿಮ್ಮ ತಂಡದಲ್ಲಿ ಪ್ರಾಂಪ್ಟ್ ಮಾಡುತ್ತಿದ್ದವರು ಯಾರು, ಲೈಟ್ ಹಿಡಿದವರು ಯಾರು, ಬಣ್ಣ ಹಚ್ಚಿದವರು ಯಾರು? ಈ ಭಾನುವಾರವೇ ಅವರ ಮನೆಗೆ ಹೋಗಿ. ನೋಟ್‌ಬುಕ್ ಸಿಕ್ಕರೆ ಮನೆಗೆ ತರಬೇಡಿ, ಅಲ್ಲೇ ಕೂತು ಅಂಚೂ ಸೇರಿಸಿ ಪ್ರತಿ ಪುಟದ ಫೋಟೋ ತೆಗೆದು, ಅವರ ಕೈಗೇ ವಾಪಸ್ ಕೊಟ್ಟು ಬನ್ನಿ.