ಕಾದಂಬರಿಯ ಕರಾಳ ನಾಳೆ ನಿಜವಾದೀತೇ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಈಚೆಗೆ ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟಿರುವ ಸರ್ವಾಧಿಕಾರದ ಕಥೆ ಹೇಳುವ ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯನ್ನು ಓದಿ ಚರ್ಚಿಸಿದೆವು. ಕಾಲೇಜಿಗೆ ಹೋಗುವ ಮೊಮ್ಮಗಳು, ‘ಅಜ್ಜಿ, ಅದರಲ್ಲಿರುವುದೆಲ್ಲ ಆಗಲೇ ಆಗಿಹೋಗಿದೆ, ನಿಮ್ಮ ಕೈಯಲ್ಲಿರುವ ಫೋನನ್ನೇ ನೋಡಿ’ ಎನ್ನುತ್ತಾಳೆ. ನಮ್ಮ ಯಜಮಾನರೋ, ‘ಇದೂ ಒಂದು ಕಾಲಜ್ಞಾನ, ಆದದ್ದಕ್ಕೆ ಹೊಂದಿಸಿಕೊಂಡು ಓದಿದರೆ ಯಾವುದು ತಾನೇ ಸುಳ್ಳಾಗುತ್ತದೆ?’ ಎಂದು ನಗುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ? ಇಂಥ ಡಿಸ್ಟೋಪಿಯನ್, ಅಂದರೆ ಕರಾಳ ನಾಳೆಯನ್ನು ಕಲ್ಪಿಸುವ ಕಾದಂಬರಿಗಳು ಚಿತ್ರಿಸುವ ಭವಿಷ್ಯ ನಿಜವಾಗಿಯೂ ಬರಬಹುದೇ?
— ಓದುಗರು, ಬಸವನಗುಡಿ

ಉತ್ತರ: ನಿಮ್ಮ ಯಜಮಾನರ ಆಕ್ಷೇಪದಲ್ಲಿ ತಿರುಳಿದೆ. ಮೈಲಾರದಲ್ಲಿ ಗೊರವಯ್ಯನವರು ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ರೈತರು ಮಳೆ ಬೆಳೆಗೆ ಅನ್ವಯಿಸುತ್ತಾರೆ, ರಾಜಕಾರಣಿಗಳು ಮುಂದಿನ ಚುನಾವಣೆಗೆ ಅನ್ವಯಿಸುತ್ತಾರೆ. ಕಾದಂಬರಿಯನ್ನೂ ಹಾಗೆ ಓದಿದರೆ ಪ್ರತಿ ಪುಟದಲ್ಲೂ ಒಂದು ಭವಿಷ್ಯವಾಣಿ ಸಿಕ್ಕೀತು. ಆದರೆ ಈ ಕಾದಂಬರಿಕಾರರಲ್ಲಿ ಹೆಚ್ಚಿನವರು ಭವಿಷ್ಯ ನುಡಿಯಲು ಹೊರಟವರಲ್ಲ. ತಮ್ಮ ಕಣ್ಣೆದುರಿಗೆ ಆಗುತ್ತಿದ್ದುದನ್ನೇ ಇನ್ನೊಂದು ಇಸವಿಗೆ ಸಾಗಿಸಿ ಬರೆದವರು. ಆರ್ವೆಲ್ 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದರು, ಬರ್ಮಾದಲ್ಲಿ ಬ್ರಿಟಿಷ್ ಸರ್ಕಾರದ ಪೊಲೀಸ್ ಅಧಿಕಾರಿಯಾಗಿದ್ದರು, 1941ರಿಂದ 1943ರವರೆಗೆ ಬಿಬಿಸಿಯಲ್ಲಿ ಯುದ್ಧಕಾಲದ ಸೆನ್ಸಾರ್‌ಶಿಪ್ಪಿನ ನಡುವೆ ಭಾರತದ ಕೇಳುಗರಿಗಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದರು. 1949ರಲ್ಲಿ ಕಾದಂಬರಿ ಹೊರಬರುವ ಹೊತ್ತಿಗೆ ಹಳೆಯ ದಾಖಲೆಗಳನ್ನು ತಿದ್ದುವುದು, ಮಾಡದ ಅಪರಾಧವನ್ನು ಆರೋಪಿಯ ಬಾಯಿಂದಲೇ ಒಪ್ಪಿಸುವುದು, ನಿನ್ನೆಯ ಮುಖಂಡನ ಚಿತ್ರವನ್ನು ಫೋಟೋದಿಂದ ಅಳಿಸುವುದು, ಇವೆಲ್ಲವೂ ಸ್ಟಾಲಿನ್ನನ ಸೋವಿಯತ್ ನಾಡಿನಲ್ಲಿ ನಡೆದುಹೋಗಿದ್ದವು. ಕೆನಡಾದ ಲೇಖಕಿ ಮಾರ್ಗರೆಟ್ ಅಟ್‌ವುಡ್ ತಮ್ಮ 1985ರ ‘ದಿ ಹ್ಯಾಂಡ್‌ಮೇಡ್ಸ್ ಟೇಲ್’ ಕಾದಂಬರಿಗೆ ಒಂದು ನಿಯಮವನ್ನೇ ಹಾಕಿಕೊಂಡಿದ್ದರು: ಇತಿಹಾಸದಲ್ಲಿ ಎಲ್ಲಿಯೂ ನಡೆದಿರದ ಯಾವುದನ್ನೂ ಅದರೊಳಗೆ ಸೇರಿಸಬಾರದು. ಆದ್ದರಿಂದ ಒಮ್ಮೆ ಎಲ್ಲೋ ನಡೆದದ್ದು ಮತ್ತೆ ನಡೆಯಬಹುದೇ, ನಮ್ಮಲ್ಲೂ ನಡೆಯಬಹುದೇ ಎಂದು ಕೇಳುವುದು ಹೆಚ್ಚು ಉಪಯುಕ್ತ.

ಈ ಪ್ರಶ್ನೆಗೆ ಬೆಂಗಳೂರಿನಲ್ಲೇ ಒಂದು ಉತ್ತರವಿದೆ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸದೀಯ ಸಮಿತಿಯ ಸಭೆಗೆಂದು ಈ ಊರಿಗೆ ಬಂದಿದ್ದ ವಾಜಪೇಯಿ ಮತ್ತು ಅಡ್ವಾಣಿ ಮರುದಿನವೇ ಇಲ್ಲಿ ಬಂಧಿತರಾದರು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ಕನ್ನಡಿಗರಿಗೆ ಪರಿಚಿತರಾಗಿದ್ದ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಸೆರೆಮನೆಯಲ್ಲಿ ತಿಂಗಳುಗಟ್ಟಲೆ ಇಡಲಾಯಿತು. ಆಸ್ತಮಾದಿಂದ ಜರ್ಜರಿತರಾಗಿ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಅವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಅದರ ಹಿಂದಿನ ಏಪ್ರಿಲ್‌ನಲ್ಲಿ, ತುರ್ತು ಪರಿಸ್ಥಿತಿ ಇರುವವರೆಗೆ ಅಕ್ರಮ ಬಂಧನದ ವಿರುದ್ಧವೂ ಹೇಬಿಯಸ್ ಕಾರ್ಪಸ್ (ಬಂಧಿತರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೋರುವ) ಅರ್ಜಿ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ನಾಲ್ಕು–ಒಂದರ ಬಹುಮತದಲ್ಲಿ ತೀರ್ಪು ಕೊಟ್ಟಿತ್ತು. ಇಷ್ಟೆಲ್ಲ ಆಗಲು ಕ್ಯಾಮೆರಾ ಬೇಕಾಗಿರಲಿಲ್ಲ, ಕಂಪ್ಯೂಟರ್ ಬೇಕಾಗಿರಲಿಲ್ಲ. ಒಂದು ಫೈಲು, ಒಂದು ಸೀಲು, ಒಂದು ಜೀಪು ಸಾಕಾಗಿತ್ತು. ಯಂತ್ರಗಳ ಬಗ್ಗೆ ನಾವು ಪಡುವ ಭಯದಲ್ಲಿ ಸ್ವಲ್ಪ ಪಾಲನ್ನಾದರೂ ಸೀಲಿಗೆ ಮೀಸಲಿಡುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಇನ್ನು ನಿಮ್ಮ ಮೊಮ್ಮಗಳ ಮಾತು. ಅವಳು ತೋರಿಸಿದ ಫೋನು ಆರ್ವೆಲ್‌ಗಿಂತ ಆಲ್ಡಸ್ ಹಕ್ಸ್ಲಿಯವರ 1932ರ ‘ಬ್ರೇವ್ ನ್ಯೂ ವರ್ಲ್ಡ್’ ಕಾದಂಬರಿಗೆ ಹತ್ತಿರದ್ದು. ಆರ್ವೆಲ್ ಕಲ್ಪಿಸಿದ, ನೋಡುವವರನ್ನೇ ನೋಡುವ ಪರದೆಯಾದ ಟೆಲಿಸ್ಕ್ರೀನನ್ನು ಸಾಮಾನ್ಯ ಜನ ಆರಿಸುವಂತಿರಲಿಲ್ಲ. ನಮ್ಮದನ್ನು ನಾವೇ ದುಡ್ಡು ಕೊಟ್ಟು ಕೊಳ್ಳುತ್ತೇವೆ, ಮಲಗುವ ಮುನ್ನ ಮರೆಯದೆ ಚಾರ್ಜಿಗೆ ಹಾಕುತ್ತೇವೆ. ಹಕ್ಸ್ಲಿಯವರ ಲೋಕದಲ್ಲಿ ಜನರನ್ನು ಹದ್ದುಬಸ್ತಿನಲ್ಲಿಡುವುದು ಹಿಂಸೆಯಲ್ಲ, ಸುಖ. ಬೇಸರವಾದರೆ ನುಂಗಲು ಒಂದು ಮಾತ್ರೆಯೂ ಇರುತ್ತದೆ. ಹಕ್ಸ್ಲಿ ಸ್ವಲ್ಪ ಕಾಲ ಈಟನ್ ಶಾಲೆಯಲ್ಲಿ ಆರ್ವೆಲ್‌ಗೆ ಪಾಠ ಹೇಳಿದ್ದರು. ಶಿಷ್ಯನ ಪುಸ್ತಕ ಬಂದ ವರ್ಷವೇ ಬರೆದ ಪತ್ರದಲ್ಲಿ ಅವರು, ಬೂಟುಗಾಲಿನ ಆಡಳಿತ ಬಹುಕಾಲ ಬಾಳುವುದು ಅನುಮಾನ, ಆಳುವವರು ಇದಕ್ಕಿಂತ ಕಡಿಮೆ ಶ್ರಮದ ದಾರಿಯನ್ನು ಕಂಡುಕೊಳ್ಳುತ್ತಾರೆ ಎಂಬ ಅರ್ಥದ ಮಾತನ್ನು ಹೇಳಿದ್ದರು. ನನ್ನ ಒಲವು ಗುರುವಿನ ಕಡೆಗೇ ಇದೆಯಾದರೂ ಇಬ್ಬರೂ ಒಂದು ವಿಷಯವನ್ನು ಗಮನಿಸಿರಲಿಲ್ಲ: ಇಬ್ಬರ ಕಾದಂಬರಿಯಲ್ಲೂ ಜನರನ್ನು ಹದ್ದುಬಸ್ತಿನಲ್ಲಿಡುವ ಯಂತ್ರ ಕೆಡುವುದೇ ಇಲ್ಲ.

ನಮ್ಮಲ್ಲಿ ಯಂತ್ರ ಕೆಡುತ್ತದೆ, ಮತ್ತು ಕೆಟ್ಟಾಗ ಪೆಟ್ಟು ಬೀಳುವುದು ಬಡವರಿಗೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರ್‌ನಿಂದ ಡಿಜಿಯಾತ್ರಾ ವ್ಯವಸ್ಥೆ ಇದೆ. ಮುಖವನ್ನು ಕ್ಯಾಮೆರಾಕ್ಕೆ ತೋರಿಸಿದರೆ ಗೇಟು ತೆರೆದುಕೊಳ್ಳುತ್ತದೆ, ನಿಯಮದ ಪ್ರಕಾರ ಅದು ಐಚ್ಛಿಕ, ಬೇಡವೆಂದವರು ಗುರುತಿನ ಚೀಟಿ ತೋರಿಸಿಯೂ ಒಳಗೆ ಹೋಗಬಹುದು. ಅದೇ ಊರಿನ ನ್ಯಾಯಬೆಲೆ ಅಂಗಡಿಯ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ವರ್ಷಗಟ್ಟಲೆ ಪಾತ್ರೆ ತಿಕ್ಕಿ, ಇಟ್ಟಿಗೆ ಹೊತ್ತು ಗೆರೆಗಳು ಸವೆದ ಹೆಬ್ಬೆರಳನ್ನು ವಯಸ್ಸಾದ ಹೆಂಗಸೊಬ್ಬರು ಯಂತ್ರದ ಮೇಲಿಡುತ್ತಾರೆ, ಅದು ಒಪ್ಪುವುದಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಇಡುತ್ತಾರೆ, ಬೇರೆ ಬೆರಳನ್ನೂ ಇಡುತ್ತಾರೆ. ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಅವರ ಮೇಲೆ ಯಾರೂ ಕಣ್ಣಿಟ್ಟಿಲ್ಲ, ಯಾರಿಗೂ ಅವರ ಮೇಲೆ ಹಗೆಯಿಲ್ಲ. ಯಂತ್ರ ಅವರನ್ನು ಗುರುತಿಸಲಿಲ್ಲ, ಅಷ್ಟೇ. ಅದಕ್ಕಾಗಿ ಒಂದು ದಿನದ ಕೂಲಿ ಹೋಯಿತು. ನಾಗರಿಕನ ಉಸಿರಾಟವನ್ನೂ ಲೆಕ್ಕವಿಡುವ ಸರ್ವಜ್ಞ ಸರ್ಕಾರಕ್ಕಿಂತ ಅರೆಬರೆ ಕೆಲಸ ಮಾಡುವ, ಆದರೂ ಕೊನೆಯ ಮಾತು ತನ್ನದೇ ಎನ್ನುವ ಯಂತ್ರ ನಮ್ಮ ಮಟ್ಟಿಗೆ ಹೆಚ್ಚು ನಿಜವಾದ ಅಪಾಯ. ಅದರ ಬಗ್ಗೆ ಕಾದಂಬರಿಗಳು ಬರಬೇಕಾದಷ್ಟು ಬಂದಿಲ್ಲ.

ಹಾಗಾದರೆ ಇಡೀ ‘1984’ ಇಲ್ಲಿಗೆ ಬರಬಹುದೇ? ಆ ಕಾದಂಬರಿಯ ನಾಯಕ ದಿನಚರಿ ಬರೆಯಲು ಕೂರುವ ಸಂದರ್ಭವನ್ನು ನೆನಪಿಸಿಕೊಳ್ಳಿ. ಅದು ಕಾನೂನುಬಾಹಿರವಲ್ಲ, ಏಕೆಂದರೆ ಆ ನಾಡಿನಲ್ಲಿ ಕಾನೂನುಗಳೇ ಉಳಿದಿಲ್ಲ. ಸಿಕ್ಕಿಬಿದ್ದರೆ ಶಿಕ್ಷೆ ಮಾತ್ರ ಖಚಿತ. ಇದನ್ನು ನಮ್ಮೂರಿನ ಇನ್ನೊಂದು ಘಟನೆಯ ಪಕ್ಕದಲ್ಲಿಟ್ಟು ನೋಡಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಮೇಲೆ ಹೇಳಿದ 1976ರ ತೀರ್ಪನ್ನು ಅದೇ ಪ್ರಕರಣದಲ್ಲಿ ತಳ್ಳಿಹಾಕಿತು. ಮರುವರ್ಷ ಐವರು ನ್ಯಾಯಮೂರ್ತಿಗಳ ಪೀಠ ಯೋಜನೆಯನ್ನು ಬಹುಮಟ್ಟಿಗೆ ಎತ್ತಿಹಿಡಿಯಿತಾದರೂ ಖಾಸಗಿ ಕಂಪನಿಗಳಿಗೆ ಆಧಾರ್ ಬಳಸಲು ಬಿಟ್ಟಿದ್ದ ಅವಕಾಶವನ್ನು ರದ್ದುಪಡಿಸಿತು. ಪೂರ್ತಿ ಗೆಲುವಲ್ಲ, ಆದರೆ ಆರ್ವೆಲ್ ಕಥೆಯ ನಾಯಕನಿಗೆ ತಟ್ಟಲು ಇಂಥದ್ದೊಂದು ಬಾಗಿಲೂ ಇರಲಿಲ್ಲ. ಆದ್ದರಿಂದ ಮೊಮ್ಮಗಳಿಗೆ ಹೇಳಿ: ಬಿಡಿಭಾಗಗಳು ಬಂದಿವೆ, ಅದು ಸುಳ್ಳಲ್ಲ, ಎಷ್ಟು ಕ್ಯಾಮೆರಾಗಳಿವೆ ಎಂಬುದರ ಜೊತೆಗೆ, ಆ ಕ್ಯಾಮೆರಾ ತಪ್ಪು ಮಾಡಿದರೆ ಯಾರಿಗೆ ದೂರು ಕೊಡಬೇಕು, ಅವರು ಎಷ್ಟು ದಿನದಲ್ಲಿ ಉತ್ತರಿಸಬೇಕು ಎಂಬುದನ್ನೂ ಅವಳು ಕೇಳಲಿ.

ಪ್ರಶ್ನೆ: 2050ರಲ್ಲಿ ನೀರೇ ಇಲ್ಲದ ಬೆಂಗಳೂರನ್ನು ಕುರಿತು ನಾನೊಂದು ಕಥೆ ಬರೆಯುತ್ತಿದ್ದೇನೆ. ಗೆಳೆಯರು ಇದು ಉತ್ಪ್ರೇಕ್ಷೆ ಎನ್ನುತ್ತಾರೆ. ನಂಬುವಂತಿದೆಯೇ?
— ವಿದ್ಯಾರ್ಥಿ, ವೈಟ್‌ಫೀಲ್ಡ್

ಉತ್ತರ: ಪೂರ್ತಿ ಬತ್ತಿದ ಊರನ್ನು ನಂಬಿಸುವುದು ಕಷ್ಟ. ಭಾರತ ಹಸಿವಿನಿಂದ ಪಾರಾಗುವುದು ಅಸಾಧ್ಯ, ಅದಕ್ಕೆ ಧಾನ್ಯ ಕಳಿಸುವುದೇ ವ್ಯರ್ಥ ಎಂದು 1967ರಲ್ಲಿ ಅಮೆರಿಕದ ಪ್ಯಾಡಕ್ ಸಹೋದರರು ಒಂದು ಪುಸ್ತಕವನ್ನೇ ಬರೆದಿದ್ದರು. 1975ಕ್ಕೆ ಕ್ಷಾಮದ ಗಡುವನ್ನೂ ಕೊಟ್ಟಿದ್ದರು. ಆ ಪುಸ್ತಕ ಬರುವ ಹಿಂದಿನ ವರ್ಷವೇ, 1966ರಲ್ಲಿ, ಹೆಚ್ಚು ಇಳುವರಿ ಕೊಡುವ 18,000 ಟನ್ ಮೆಕ್ಸಿಕೋ ಗೋಧಿಬೀಜ ಭಾರತಕ್ಕೆ ಬಂದಿತ್ತು. ಇತ್ತ ಮಂಡ್ಯದಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯೊಡನೆ ನಮ್ಮ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ಬೆಳೆಸಿದರು. ಗಡುವು ಸುಳ್ಳಾಯಿತು. ನಿಮ್ಮ ಕಥೆಯಲ್ಲೂ ಇಂಥ ಕೆಲಸ ಮಾಡುವವರಿಗೆ ಜಾಗ ಬೇಕು.

ಆದರೆ ಊರಿನ ಅರ್ಧ ಭಾಗಕ್ಕೆ ನೀರಿದ್ದು ಇನ್ನರ್ಧಕ್ಕೆ ಇಲ್ಲದ ಕಥೆಯನ್ನು ಯಾರೂ ಉತ್ಪ್ರೇಕ್ಷೆ ಎನ್ನಲಾರರು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಎತ್ತಿ ತರುವ ಕಾವೇರಿ ನೀರು ಹಳೆಯ ಬಡಾವಣೆಗಳ ನಲ್ಲಿಗಳಲ್ಲಿ ಹೇಗೋ ಬರುತ್ತಿತ್ತು. ನಿಮ್ಮ ಕಡೆಯ ಹೊರವಲಯದ ಅಪಾರ್ಟ್‌ಮೆಂಟುಗಳು ಟ್ಯಾಂಕರ್ ಕಾಯುತ್ತಿದ್ದವು. ಹೊರವಲಯದ 110 ಹಳ್ಳಿಗಳಿಗೆಂದು ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಕಾವೇರಿ ಯೋಜನೆಯ ಐದನೇ ಹಂತ ಅದೇ ವರ್ಷದ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು. ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವನ್ನೂ ಕಟ್ಟಿಕೊಂಡ ಊರು ಇದು. ಕಥೆಗೆ ಬೇಕಾದ ಹಿನ್ನೆಲೆಗೆ ಕೊರತೆಯಿಲ್ಲ. ನನ್ನ ಸಲಹೆ ಇಷ್ಟೇ: 2050ಕ್ಕೆ ಹೋಗುವ ಮೊದಲು, ನಿಮ್ಮ ಕಟ್ಟಡದ ಸಂಘದವರು 2024ರ ಫೆಬ್ರವರಿಯಿಂದ ಮೇ ತಿಂಗಳವರೆಗೆ ಟ್ಯಾಂಕರ್‌ಗೆ ಕೊಟ್ಟ ಹಣದ ಲೆಕ್ಕವನ್ನು ಕೇಳಿ ಪಡೆಯಿರಿ, ಅದೇ ತಿಂಗಳುಗಳಲ್ಲಿ ಕಟ್ಟಡದ ಹಿಂದಿನ ಶೆಡ್ಡುಗಳಲ್ಲಿ ಇರುವ ಕೆಲಸಗಾರರು ನೀರನ್ನು ಎಲ್ಲಿಂದ ಹೊತ್ತು ತಂದರೆಂದು ವಿಚಾರಿಸಿ, ಆಮೇಲೆ ಬರೆಯಲು ಕೂರಿ.