ನಾಲ್ಕು ಕುದುರೆ, ಒಬ್ಬರೇ ಸವಾರರು: ಡ್ರೆಸಾಜ್ ಸ್ಪರ್ಧೆಗಳ ಋತುವನ್ನು ಹೇಗೆ ಹೊಂದಿಸುವುದು?

ನಿಮ್ಮ ಬಳಿ ನಾಲ್ಕು ಕುದುರೆಗಳಿವೆ: ಐದು ವರ್ಷದ ಎಳೆಯದು, ಎಲ್ ದರ್ಜೆಯ ಹೆಣ್ಣು ಕುದುರೆ, ಎಮ್ ದರ್ಜೆಯದೊಂದು, ಎಸ್ ದರ್ಜೆಯ ಹದಿನಾರು ವರ್ಷದ ಹಿರಿಯ (ಎಲ್, ಎಮ್, ಎಸ್ ಎಂದರೆ ಜರ್ಮನಿಯಲ್ಲಿ ಕ್ರಮವಾಗಿ ಸುಲಭ, ಮಧ್ಯಮ, ಕಠಿಣ ದರ್ಜೆಗಳು). ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಯಾವುದನ್ನು ಎಷ್ಟು ಸಲ ಡ್ರೆಸಾಜ್ ಸ್ಪರ್ಧೆಗೆ, ಎಂದರೆ ತೀರ್ಪುಗಾರರ ಎದುರು ಗೊತ್ತುಪಡಿಸಿದ ಚಲನೆಗಳನ್ನು ಸವಾರಿ ಮಾಡಿ ತೋರಿಸುವ ಪರೀಕ್ಷೆಗೆ, ಒಯ್ಯಬೇಕು ಎಂದು ಕೇಳಿದ್ದೀರಿ. ನಾನು ಉತ್ತರ ಜರ್ಮನಿಯ ಸಣ್ಣ ಲಾಯವೊಂದರಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಲದ್ದಿ ಬಾಚುವ ಕೆಲಸಕ್ಕೆ ಸೇರಿದವನು ಈಗ ಸ್ಪರ್ಧೆಗಳ ಲೆಕ್ಕವನ್ನೂ ನೋಡಿಕೊಳ್ಳುತ್ತೇನೆ. ಲದ್ದಿ ಬಾಚುವುದು ತಪ್ಪಿದೆ ಎಂದೇನೂ ತಿಳಿಯಬೇಡಿ.

ಸ್ಪರ್ಧೆಗಳ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಮೊದಲು ಕ್ಯಾಲೆಂಡರಿನಲ್ಲಿ ಹೋಗಬಾರದ ದಿನಗಳನ್ನು ಹೊಡೆದು ಹಾಕಿ. ಇನ್‌ಫ್ಲುಯೆಂಜಾ ಲಸಿಕೆ ಆರು ತಿಂಗಳಿಗೊಮ್ಮೆ ಕಡ್ಡಾಯ; ಹಾಕಿಸಿದ ಮೇಲೆ ಏಳು ದಿನ ಸ್ಪರ್ಧಿಸುವಂತಿಲ್ಲ. ಒಮ್ಮೆ ನಾನು ಪಶುವೈದ್ಯರು ಬಂದಿದ್ದಾರಲ್ಲ ಎಂದು ಮೂರು ಕುದುರೆಗಳಿಗೂ ಸೋಮವಾರ ಲಸಿಕೆ ಹಾಕಿಸಿಬಿಟ್ಟೆ. ಆ ಶನಿವಾರವೇ ಸ್ಪರ್ಧೆ ಇತ್ತು. ಕಟ್ಟಿದ ಶುಲ್ಕ ನೀರಿನಲ್ಲಿ ಹೋಮವಾಯಿತು. ಮಾಲಕಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಲಾಳ ಹೊಡೆಸುವುದು ಆರರಿಂದ ಎಂಟು ವಾರಕ್ಕೊಮ್ಮೆ ಬರುತ್ತದೆ. ಅದನ್ನು ಸ್ಪರ್ಧೆಗೆ ಒಂದು ವಾರ, ಹತ್ತು ದಿನ ಮೊದಲೇ ಮುಗಿಸಿ. ಮೊಳೆ ಒತ್ತಿದ್ದರೆ ಸರಿಪಡಿಸಲು ಸಮಯ ಸಿಗುತ್ತದೆ. ಹೆಣ್ಣು ಕುದುರೆ ಸುಮಾರು ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಕೆಲವಕ್ಕೆ ಅದರ ಪರಿವೆಯೇ ಇರುವುದಿಲ್ಲ. ಇನ್ನು ಕೆಲವು ಆ ದಿನಗಳಲ್ಲಿ ಕಾಲು ತಾಗಿಸಿದರೆ ಬಾಲ ಬೀಸಿ ನಿಂತುಬಿಡುತ್ತವೆ. ನಿಮ್ಮದು ಈ ಎರಡರಲ್ಲಿ ಯಾವ ಬಗೆಯದೆಂದು ಮಾರ್ಚ್‌ನಲ್ಲೇ ಬರೆದಿಟ್ಟುಕೊಳ್ಳಿ. ಊರಿನಲ್ಲಿ ತಂಗಿಯ ಮದುವೆ ಇದ್ದರೆ ಅದನ್ನೂ ಈಗಲೇ ಬರೆಯಿರಿ.

ಆಮೇಲೆ ನೋಡಬೇಕಾದದ್ದು ಗಾಡಿ. ಕಾರಿನ ಹಿಂದೆ ಎಳೆಯುವ ಟ್ರೈಲರಿನಲ್ಲಿ ಎರಡೇ ಕುದುರೆಗೆ ಜಾಗ. ಹಾಗಿರುವಾಗ ‘ನಾಲ್ಕನ್ನೂ ಒಂದೇ ಕಡೆ’ ಎಂಬುದು ಆಗದ ಮಾತು. ಎರಡನ್ನು ಒಯ್ಯುವುದಾದರೂ ಸಹಾಯಕ್ಕೆ ಒಬ್ಬರು ಬೇಕೇ ಬೇಕು. ಬೆಳಗ್ಗೆ ಎಂಟಕ್ಕೆ ಒಂದರ ಸರದಿ, ಸಂಜೆ ನಾಲ್ಕಕ್ಕೆ ಇನ್ನೊಂದರದು ಎಂದಾದರೆ ನಡುವಿನ ಎಂಟು ಗಂಟೆ ಕುದುರೆಗೂ ಶಿಕ್ಷೆ, ನಿಮಗೂ ಶಿಕ್ಷೆ. ಹೆಸರು ನೋಂದಾಯಿಸುವ ಕೊನೆಯ ದಿನ ಸಾಮಾನ್ಯವಾಗಿ ಮೂರು, ನಾಲ್ಕು ವಾರ ಮೊದಲೇ ಮುಗಿದಿರುತ್ತದೆ. ಸರದಿಯ ಸಮಯ ತಿಳಿಯುವುದು ಕೊನೆಯಲ್ಲಿ. ಆದ್ದರಿಂದ ಯಾವ ವಿಭಾಗ ಯಾವ ದಿನ, ಬೆಳಗ್ಗೆಯೋ ಮಧ್ಯಾಹ್ನವೋ ಎಂಬುದನ್ನು ಪ್ರಕಟಣೆಯಲ್ಲೇ ಓದಿ ಜೋಡಿ ಮಾಡಿ.

ನಿಮ್ಮ ಐದು ವರ್ಷದ್ದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅವಸರ ಆಗುವುದು ಅಲ್ಲೇ. ಅದರ ಮೊದಲ ಪ್ರಯಾಣದಲ್ಲಿ ಸ್ಪರ್ಧೆಗೆ ಹೆಸರು ಕೊಡಲೇಬೇಡಿ. ಸಂಘಟಕರ ಅನುಮತಿ ಪಡೆದು ಸ್ಪರ್ಧೆಯ ಜಾಗಕ್ಕೆ ಒಯ್ದು, ಧ್ವನಿವರ್ಧಕ, ಬಾವುಟ, ಮಕ್ಕಳ ತಳ್ಳುಗಾಡಿ ಎಲ್ಲವನ್ನೂ ತೋರಿಸಿ, ಹುಲ್ಲು ತಿನ್ನಿಸಿ ವಾಪಸ್ ಕರೆತನ್ನಿ. ಜೊತೆಗೆ ಶಾಂತ ಕುದುರೆ ಇರಲಿ ಎನ್ನುತ್ತಾರೆ; ನಾನೂ ಹಾಗೇ ಮಾಡಿದ್ದೆ. ಜೊತೆಗಾತಿಯನ್ನು ಅಂಗಣಕ್ಕೆ ಒಯ್ದ ಕೂಡಲೇ ಎಳೆಯದು ಟ್ರೈಲರಿನೊಳಗೆ ಕೆನೆಯುತ್ತಾ ಬಾಗಿಲು ಒದೆಯತೊಡಗಿತು. ಅದನ್ನು ಕೇಳಿ ಇವಳು ಅಂಗಣದ ನಡುವೆ ಉತ್ತರ ಕೊಡುತ್ತಾ ನಿಂತಳು. ಜೊತೆಗೆ ಬಂದ ಕುದುರೆಗೆ ಆ ದಿನ ಸ್ಪರ್ಧೆ ಬೇಡ, ಅಷ್ಟೆ. ಎಳೆಯ ಕುದುರೆಗಳ ಪರೀಕ್ಷೆಯಲ್ಲಿ ನಡಿಗೆ, ಟ್ರಾಟ್ (ಕುಕ್ಕುಲೋಟ), ಕ್ಯಾಂಟರ್ (ಹಗುರ ನೆಗೆತದ ಓಟ), ವಿಧೇಯತೆ, ಒಟ್ಟಾರೆ ಗುಣ ಎಂದು ಐದು ಅಂಕ ಕೊಟ್ಟು, ತೀರ್ಪುಗಾರರು ಕಾರಣವನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. ಮುಜುಗರವೇ, ಆದರೆ ಅಷ್ಟು ಅಗ್ಗದ ಪಾಠ ಬೇರೆಲ್ಲೂ ಸಿಗದು. ಇಂಥ ನಾಲ್ಕೈದು ಪರೀಕ್ಷೆ ಈ ವರ್ಷಕ್ಕೆ ಧಾರಾಳವಾಯಿತು.

ಎಲ್ ಮತ್ತು ಎಮ್ ಕುದುರೆಗಳೇ ಋತುವಿನ ಭಾರ ಹೊರುವವು. ಎರಡು ವಾರಾಂತ್ಯ ಸ್ಪರ್ಧೆ, ಎರಡು ವಾರಾಂತ್ಯ ಬಿಡುವು ಎಂದು ಹಾಕಿಕೊಳ್ಳಿ. ಮನೆಯಲ್ಲಿ ಮಾಡುವ ಕೆಲಸ ಸ್ಪರ್ಧೆಗಿಂತ ಒಂದು ಮೆಟ್ಟಿಲು ಮೇಲೇ ಇರಲಿ. ನಾಲ್ಕಾರು ಸಲ ಬೇರೆ ಬೇರೆ ತೀರ್ಪುಗಾರರ ಎದುರು 65 ಶೇಕಡಾ ಬರುವವರೆಗೆ ಮೇಲಿನ ದರ್ಜೆಯ ಮಾತೆತ್ತಬೇಡಿ. ಮನೆಯಲ್ಲಿ ಪರೀಕ್ಷೆಯನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಸವಾರಿ ಮಾಡಿದರೆ ಕುದುರೆ ಬಾಯಿಪಾಠ ಮಾಡಿಕೊಂಡು ನಿಮಗಿಂತ ಮೊದಲೇ ತಿರುಗುತ್ತದೆ.

ಹಿರಿಯನಿಗೆ ಇಡೀ ಬೇಸಿಗೆಯಲ್ಲಿ ಒಂದೇ ಗುರಿ ಇರಲಿ. ಆ ದಿನದಿಂದ ಹಿಂದಕ್ಕೆ ಎಣಿಸಿ: ಮೂರು ವಾರ ಮೊದಲು ಹತ್ತಿರದ ಒಂದು ಸ್ಪರ್ಧೆ, ಅದಕ್ಕೂ ಮೂರು ವಾರ ಮೊದಲು ಇನ್ನೊಂದು. ಮೈ ಕಾಯಿಸಲು ಅವನಿಗೆ ಹೆಚ್ಚು ಹೊತ್ತು ಬೇಕು. ಜುಲೈನ ಮಧ್ಯಾಹ್ನ ಬೇಡವೇ ಬೇಡ. ಗುರಿ ಒಂದಾದರೂ ಬದಲಿಗೆ ಇನ್ನೊಂದು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದಿಡಿ. 2021ರ ಫೆಬ್ರವರಿಯಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ಕುದುರೆಗಳ ಹರ್ಪಿಸ್ ರೋಗ ಹರಡಿದಾಗ ಯುರೋಪಿನ ಎಷ್ಟೋ ದೇಶಗಳಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳು ಏಪ್ರಿಲ್‌ವರೆಗೆ ರದ್ದಾದವು.

ಪಟ್ಟಿ ಸಿದ್ಧವಾದಾಗ ಇಲ್ಲೇ ಹಾಕಿ, ನೋಡುತ್ತೇನೆ. ಮೇ ತಿಂಗಳಿನಲ್ಲಿ ಒಂದು ವಾರಾಂತ್ಯವೂ ಖಾಲಿ ಕಾಣದಿದ್ದರೆ ಬೈಗುಳಕ್ಕೆ ಸಿದ್ಧರಾಗಿರಿ.