ಹೂತೋಟದಲ್ಲಿ ಸಿಕ್ಕ ಕಂಬಳಿಹುಳು ಯಾವುದೆಂದು ಗುರುತಿಸುವುದು ಹೇಗೆ?

ಕಾಡುಹೂಗಳ ಪಾತಿಯಲ್ಲಿ ಕಳೆ ಕೀಳುವಾಗ ಹಸಿರು ಹುಳ ಸಿಕ್ಕಿತು, ಬಣ್ಣ ಹಿಡಿದು ಹುಡುಕಿದರೆ ಹೆಸರೇ ಸಿಗುತ್ತಿಲ್ಲ ಅಂದಿದ್ದೀರಿ. ಬಣ್ಣ ಆಮೇಲೆ ನೋಡೋಣ, ಅದು ತಿನ್ನುತ್ತಿದ್ದ ಗಿಡ ಯಾವುದು?

ನಾನು ಮೊದಲು ನೋಡುವುದೇ ಅದನ್ನು. ಹೆಚ್ಚಿನ ಚಿಟ್ಟೆಗಳು ಮರಿಗಳಿಗೆ ಒಗ್ಗುವ ಕೆಲವೇ ಗಿಡಗಳನ್ನು ಹುಡುಕಿ ಮೊಟ್ಟೆ ಇಡುತ್ತವೆ. ಎಕ್ಕದ ಎಲೆ ಮೇಲೆ ಕಪ್ಪು ಬಿಳಿ ಪಟ್ಟೆ, ಹಳದಿ ಚುಕ್ಕೆ, ಬೆನ್ನ ಮೇಲೆ ಮೂರು ಜೊತೆ ಕಪ್ಪು ಎಳೆಗಳಿರುವ ಹುಳ ಕಂಡರೆ ಬಹುತೇಕ ಅದು ಪ್ಲೇನ್ ಟೈಗರ್ ಚಿಟ್ಟೆಯದೇ. ಆದರೆ ಎಲೆ ತಿನ್ನುತ್ತಿದೆಯಾ ನೋಡಿಕೊಳ್ಳಿ. ಬಲಿತ ಹುಳಗಳು ಕೋಶ ಕಟ್ಟಲು ಜಾಗ ಹುಡುಕುತ್ತಾ ಸಂಬಂಧವೇ ಇಲ್ಲದ ಗಿಡ ಹತ್ತುವುದುಂಟು.

ಬಣ್ಣ ನಂಬಿದರೆ ಮೋಸ ಜಾಸ್ತಿ. ಪೊರೆ ಕಳಚಿದ ಹಾಗೆ ವೇಷ ಬದಲಾಗುತ್ತದೆ. ನಿಂಬೆ ಗಿಡದ ಚಿಟ್ಟೆಯ ಮರಿ ಚಿಕ್ಕದಿರುವಾಗ ಥೇಟ್ ಹಕ್ಕಿ ಹಿಕ್ಕೆ, ಕೊನೆಯ ಹಂತದಲ್ಲಿ ಹಸಿರು. ಆಗ ಮೆಲ್ಲಗೆ ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಛಕ್ಕನೆ ಹೊರಬರುತ್ತದೆ, ಜೊತೆಗೆ ಕಟು ವಾಸನೆ. ಅದು ಸ್ವಾಲೋಟೇಲ್ ಚಿಟ್ಟೆಗಳ ಬಳಗದ ಗುರುತು.

ಕಾಲನ್ನೂ ಎಣಿಸಿ. ಮುಂದೆ ಮೂರು ಜೊತೆ ಗಟ್ಟಿ ಕಾಲು, ಹಿಂದೆ ಹೊಟ್ಟೆಯಡಿ ಮೆತ್ತನೆಯ ಮೊಂಡುಕಾಲು. ಮೊಂಡುಕಾಲು ಐದು ಜೊತೆ ಅಥವಾ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಿಟ್ಟೆ ಅಥವಾ ಪತಂಗದ ಮರಿ. ಆರು ಜೊತೆ ಅಥವಾ ಹೆಚ್ಚು ಇದ್ದರೆ ಸಾಫ್ಲೈ ಮರಿ, ಅಂದರೆ ಕಣಜದ ನೆಂಟ. ಚಿಟ್ಟೆ ಪಟ್ಟಿಯಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಅಲ್ವಾ? ಹಿಂಬದಿಯಲ್ಲಿ ಎರಡೇ ಜೊತೆ ಇದ್ದು ಬೆನ್ನು ಬಗ್ಗಿಸಿ ಗೇಣು ಹಾಕುತ್ತಾ ನಡೆದರೆ ಲೂಪರ್ ಎಂಬ ಪತಂಗದ ಮರಿ. ಬಾಲದ ಮೇಲೆ ಒಂದೇ ಮುಳ್ಳು ಎದ್ದಿದ್ದರೆ ಹೆಚ್ಚಾಗಿ ಹಾಕ್ ಮಾತ್ ಎಂಬ ಪತಂಗದ ಮರಿ.

ಸುಮ್ನೆ ಎಲೆ ಎಲೆ ತಿರುವಿ ಹಾಕಬೇಡಿ. ಕೆಳಗಿನ ಎಲೆಗಳ ಮೇಲೆ ಕಾಳು ಕಾಳಾಗಿ ಹಿಕ್ಕೆ ಬಿದ್ದಿದೆಯಾ ನೋಡಿ. ಹಸಿಯಾಗಿದ್ದರೆ ಹುಳ ನೇರ ಮೇಲೇ ಇರುತ್ತದೆ. ರಾತ್ರಿ ಟಾರ್ಚ್ ಹಿಡಿದು ಹೋದರೆ ಹಗಲು ಅಡಗಿದ್ದವೂ ಕಾಣುತ್ತವೆ. ಮೈತುಂಬ ಕೂದಲಿದ್ದರೆ ಬರಿಗೈ ಹಾಕಬೇಡಿ. ಚುಚ್ಚಿಕೊಂಡರೆ ಉಜ್ಜದೆ, ಅಂಟುಟೇಪ್ ಒತ್ತಿ ಕೂದಲು ಎತ್ತಿ.

ಮೈ, ಮುಖ, ಬೆನ್ನು, ಗಿಡ ಎಲ್ಲದರ ಫೋಟೋ ತೆಗೆದೂ ಹೆಸರು ಸಿಗದಿದ್ದರೆ ಸಾಕಿ ನೋಡಿ. ಗಾಳಿಯಾಡುವ ಡಬ್ಬಿ, ದಿನಾ ಅದೇ ಗಿಡದ ತಾಜಾ ಎಲೆ. ತಳಕ್ಕೆ ಎರಡು ಬೆರಳು ಮಣ್ಣು ಹಾಕಿ, ಎಷ್ಟೋ ಪತಂಗದ ಹುಳಗಳು ಮಣ್ಣಿಗಿಳಿದೇ ಕೋಶವಾಗುವುದು. ಒಂದೊಂದು ಸಲ ಚಿಟ್ಟೆಯ ಬದಲು ಪುಟ್ಟ ಕಣಜಗಳು ಹೊರಬರುತ್ತವೆ. ಹುಳದ ಮೈಯೊಳಗೆ ಅವುಗಳ ತಾಯಿ ಮೊದಲೇ ಮೊಟ್ಟೆ ಇಟ್ಟಿರುತ್ತದೆ.